ಗಂಟೆ, ಕಾಲರ್, ದಂಡದ ಡಬ್ಬಿ: ಕ್ಲಬ್ಬಿನ ಸಂಪ್ರದಾಯಗಳಲ್ಲಿ ಯಾವುದು ಉಳಿಯಬೇಕು?

ಜುಲೈ_ಒಂದು

ಎಲ್ಲರಿಗೂ ನಮಸ್ಕಾರ. ಬರುವ ಜುಲೈ 1ಕ್ಕೆ, ಅಂದರೆ ಹೊಸ ರೋಟರಿ ವರ್ಷದ ಮೊದಲ ದಿನ, ನಮ್ಮ ಊರಿನ ಸೇವಾ ಸಂಸ್ಥೆಯಾದ ರೋಟರಿ ಕ್ಲಬ್ಬಿನ ಅಧ್ಯಕ್ಷಗಿರಿ ನನ್ನ ಹೆಗಲಿಗೆ ಬರುತ್ತದೆ. ಅದಕ್ಕೆ ಮುಂಚೆ ಒಂದು ವಿಷಯ ನಿಮ್ಮ ಮುಂದೆ ಇಡಬೇಕು ಅನ್ನಿಸಿತು.

ಕಳೆದ ಮೂರು ಮೀಟಿಂಗ್‌ಗಳಲ್ಲಿ ಗಡಿಯಾರ ನೋಡಿ ಬರೆದುಕೊಂಡೆ. ಗಂಟೆ ಬಾರಿಸುವುದು, ಅಧ್ಯಕ್ಷರಿಗೆ ಕಾಲರ್ (ಹುದ್ದೆಯ ಗುರುತಿನ ಕೊರಳಪಟ್ಟಿ) ಹಾಕುವುದು, ಪ್ರಾರ್ಥನೆ, ನಾಲ್ಕು ಪ್ರಶ್ನೆಗಳ ಪರೀಕ್ಷೆ ಓದುವುದು, ಅತಿಥಿಗಳ ಪರಿಚಯ, ಹುಟ್ಟುಹಬ್ಬದ ಶುಭಾಶಯ, ಬೇರೆ ಕ್ಲಬ್ಬಿನವರ ಜೊತೆ ಬ್ಯಾನರ್ ವಿನಿಮಯ, ತಮಾಷೆಯ ದಂಡ ವಸೂಲಿ, ಕೊನೆಗೆ ವಂದನಾರ್ಪಣೆ. ಒಂದೂಕಾಲು ಗಂಟೆಯ ಮೀಟಿಂಗ್‌ನಲ್ಲಿ ಸೇವಾ ಕೆಲಸದ ಬಗ್ಗೆ ಮಾತಾಡಿದ್ದು ಒಮ್ಮೆ 11 ನಿಮಿಷ, ಇನ್ನೊಮ್ಮೆ 14 ನಿಮಿಷ. ಮೂರನೇ ಸಲ ಆ ವಿಷಯವೇ ಬರಲಿಲ್ಲ.

ಈ ವರ್ಷ ಚಿಕ್ಕ ವಯಸ್ಸಿನ ಇಬ್ಬರು ಸದಸ್ಯರು ಬಿಟ್ಟು ಹೋದರು. "ಕೆಲಸ ಮಾಡೋಣ ಅಂತ ಬಂದೆವು, ಚಪ್ಪಾಳೆ ತಟ್ಟುವುದರಲ್ಲೇ ವರ್ಷ ಮುಗಿಯಿತು" ಅಂದರು. ಹಿರಿಯರನ್ನು ಕೇಳಿದರೆ "ಯಾವುದನ್ನೂ ಮುಟ್ಟಬೇಡ, ಇದರಿಂದಲೇ ಕ್ಲಬ್ಬು ನಿಂತಿದೆ" ಅನ್ನುತ್ತಾರೆ. ಎರಡೂ ಕಡೆಯವರ ಮೇಲೆ ನನಗೆ ಪ್ರೀತಿ ಇದೆ, ಅದೇ ಕಷ್ಟ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ರೋಟರಿಯವರೇ ಆಗಬೇಕು ಅಂತಿಲ್ಲ. ಲಯನ್ಸ್, ಜೆಸಿ, ಇನ್ನರ್ ವೀಲ್, ಇಂಥ ಯಾವ ಸೇವಾ ಕ್ಲಬ್ಬಿನವರ ಅನುಭವವಾದರೂ ಸರಿ.

ಹಿಂದಿನ_ಸಾಲು

ಮೊದಲು ಸ್ವಾಗತ ಭಾಷಣ ಬಿಡಿ. ಅರ್ಧ ಸಮಯ ಅಲ್ಲೇ ಉಳಿಯುತ್ತದೆ.

ಮೂವತ್ತು_ವರ್ಷದ_ಪಿನ್

ತಮ್ಮಾ, ಅವಸರ ಬೇಡ. ನಾನು ಮೂವತ್ತು ವರ್ಷದಿಂದ ರೋಟರಿ ಸದಸ್ಯರ ಈ ಪಿನ್ ಹಾಕಿಕೊಂಡಿದ್ದೇನೆ. ನಿನ್ನ ಸಂಕಟ ಅರ್ಥ ಆಗುತ್ತದೆ. ಆದರೆ ರೋಟರಿ ಶುರುವಾಗಿದ್ದು ಹೇಗೆ ಅಂತ ಒಮ್ಮೆ ನೆನಪಿಸಿಕೋ.

1905ರ ಫೆಬ್ರವರಿ 23. ಷಿಕಾಗೋದ ಯೂನಿಟಿ ಕಟ್ಟಡ, 711ನೇ ಕೋಣೆ. ಅಲ್ಲಿ ಕೂತಿದ್ದು ನಾಲ್ಕೇ ಜನ: ವಕೀಲ ಪಾಲ್ ಹ್ಯಾರಿಸ್, ಗಣಿ ಎಂಜಿನಿಯರ್ ಗಸ್ಟೇವಸ್ ಲೋಹರ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲೆ, ಬಟ್ಟೆ ಹೊಲಿಸಿ ಮಾರುವ ಹೈರಮ್ ಶೋರಿ. ಹ್ಯಾರಿಸ್ ಬೆಳೆದದ್ದು ವರ್ಮಾಂಟಿನ ಒಂದು ಚಿಕ್ಕ ಊರಿನಲ್ಲಿ. ದೊಡ್ಡ ನಗರದಲ್ಲಿ ಕಕ್ಷಿದಾರರು ಬೇಕಾದಷ್ಟು ಸಿಕ್ಕರು, ಗೆಳೆಯರು ಸಿಗಲಿಲ್ಲ. ಆ ಒಂಟಿತನಕ್ಕೆ ಮದ್ದಾಗಿ ಹುಟ್ಟಿದ್ದು ಈ ಕ್ಲಬ್ಬು. ಒಂದು ವಾರ ಒಬ್ಬರ ಕಚೇರಿ, ಮುಂದಿನ ವಾರ ಇನ್ನೊಬ್ಬರದು. ಹೀಗೆ ಸರದಿ ತಿರುಗುತ್ತಿತ್ತು, ಅದಕ್ಕೇ ರೋಟರಿ ಅಂತ ಹೆಸರು.

ಅಂದರೆ ಮೊದಲು ಬಂದದ್ದು ಸ್ನೇಹ. ಸೇವೆ ಬಂದದ್ದು ಆಮೇಲೆ. ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟುವುದು ನಿಮಗೆ ಸುಮ್ನೆ ಕಾಲಹರಣ ಅನ್ನಿಸಬಹುದು. ಹೆಂಡತಿಯನ್ನು ಕಳೆದುಕೊಂಡ ನಮ್ಮ ಒಬ್ಬ ಸದಸ್ಯರಿಗೆ ಆ ವರ್ಷ ಶುಭಾಶಯ ಹೇಳಿದ್ದು ನಮ್ಮ ಕ್ಲಬ್ಬಿನವರು ಮಾತ್ರ. ಅವರೇ ನನ್ನ ಕೈ ಹಿಡಿದುಕೊಂಡು ಹೇಳಿದ ಮಾತು ಇದು.

ಹಳೇ_ಕಡತ

> ಮೊದಲು ಬಂದದ್ದು ಸ್ನೇಹ. ಸೇವೆ ಬಂದದ್ದು ಆಮೇಲೆ.

ಸರ್, ಕಥೆ ಅರ್ಧಕ್ಕೆ ನಿಲ್ಲಿಸಿದಿರಿ. ಆ ಸೇವೆ ಹೇಗೆ ಬಂತು ಅನ್ನುವುದೇ ಇಲ್ಲಿ ಮುಖ್ಯ ಅಲ್ವಾ?

ಮೊದಲ ವರ್ಷ ಸ್ನೇಹದ ಜೊತೆಗೆ ವ್ಯಾಪಾರವೂ ನಡೆಯುತ್ತಿತ್ತು. ನಾನು ನಿನ್ನ ಹತ್ತಿರ ಕೊಳ್ಳುತ್ತೇನೆ, ನೀನು ನನ್ನ ಹತ್ತಿರ ಕೊಳ್ಳು, ಇಷ್ಟೇ. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರನ್ನು ಸೇರಲು ಕರೆದರು. ಅವರು ಒಪ್ಪಲಿಲ್ಲ. ಸದಸ್ಯರ ಲಾಭ ಬಿಟ್ಟು ಊರಿಗೆ ಏನೂ ಮಾಡದ ಕ್ಲಬ್ಬಿಗೆ ಭವಿಷ್ಯವಿಲ್ಲ ಅನ್ನುವುದು ಅವರ ಮಾತಿನ ಸಾರ. ಕ್ಲಬ್ಬಿನವರು ಮುನಿಸಿಕೊಳ್ಳಲಿಲ್ಲ. ತಮ್ಮ ಉದ್ದೇಶಗಳ ಪಟ್ಟಿಗೆ ಊರಿನ ಹಿತವನ್ನೂ ಸೇರಿಸಿ ಅವರನ್ನೇ ಒಳಗೆ ಕರೆದುಕೊಂಡರು. 1907ರಲ್ಲಿ ಕೈಹಾಕಿದ ಮೊದಲ ಸಾರ್ವಜನಿಕ ಕೆಲಸ ಷಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ.

ಜುಲೈ_ಒಂದು ಅವರೇ, ನಿಮ್ಮ ಕ್ಲಬ್ಬು ಬಿಟ್ಟು ಹೋದ ಆ ಇಬ್ಬರು ಹೇಳಿದ್ದೂ ಕಾರ್ಟರ್ ಹೇಳಿದ್ದೂ ಒಂದೇ ಮಾತು. ಅವರಿಗೆ ಫೋನ್ ಮಾಡಿದ್ದೀರಾ?

ಜುಲೈ_ಒಂದು

ಇಲ್ಲ, ಮಾಡಿಲ್ಲ. ರಾಜೀನಾಮೆ ಪತ್ರ ತೆಗೆದುಕೊಂಡು ಫೈಲಿಗೆ ಹಾಕಿದೆವು. ಈ ವಾರವೇ ಮಾಡುತ್ತೇನೆ.

ಬಾಲ_ತಿರುಚುವವ

ನಾನು ಲಯನ್ಸ್‌ನವನು. ಹೆಸರು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಟೇಲ್ ಟ್ವಿಸ್ಟರ್ ಅಂತ ಒಂದು ಹುದ್ದೆಯೇ ಇದೆ. ಸಿಂಹದ ಬಾಲ ತಿರುಚಿ ಎಬ್ಬಿಸುವವನು ಅಂತ ಅರ್ಥ. ಮೀಟಿಂಗ್ ಜಡವಾಗದಂತೆ ನೋಡಿಕೊಳ್ಳುವುದು, ಚಿಕ್ಕ ಚಿಕ್ಕ ಕಾರಣಕ್ಕೆ ದಂಡ ಹಾಕುವುದು ಅವನ ಕೆಲಸ.

ದಂಡದ ಡಬ್ಬಿ ಬಿಡಬೇಡಿ ಅನ್ನುವುದು ನನ್ನ ವಾದ. ಅದಕ್ಕೆ ಲಯನ್ಸ್ ಕ್ಲಬ್ಬುಗಳ ಮಾದರಿ ನಿಯಮಾವಳಿಯಲ್ಲೇ ಕಡಿವಾಣ ಇದೆ. ದಂಡದ ಮಿತಿಯನ್ನು ಮಂಡಳಿ ನಿಗದಿ ಮಾಡಬೇಕು. ಒಂದೇ ಮೀಟಿಂಗ್‌ನಲ್ಲಿ ಒಬ್ಬರಿಗೆ ಎರಡಕ್ಕಿಂತ ಜಾಸ್ತಿ ಸಲ ದಂಡ ಹಾಕುವಂತಿಲ್ಲ. ಟೇಲ್ ಟ್ವಿಸ್ಟರ್‌ಗೇ ದಂಡ ಹಾಕಬೇಕಾದರೆ ಬಂದವರೆಲ್ಲ ಒಮ್ಮತದಿಂದ ಒಪ್ಪಬೇಕು. ವಸೂಲಾದ ಹಣ ತಕ್ಷಣ ಖಜಾಂಚಿಯ ಕೈಗೆ.

ನಮ್ಮಲ್ಲಿ ದೊಡ್ಡ ವ್ಯಾಪಾರಸ್ಥರೂ ಇದ್ದಾರೆ, ನಿವೃತ್ತ ಗುಮಾಸ್ತರೂ ಇದ್ದಾರೆ. ಆ ಎರಡು ನಿಮಿಷ ಎಲ್ಲರೂ ಸಮ. ನಮ್ಮ ಭಾಗದ ಕ್ಲಬ್ಬುಗಳಿಗೆಲ್ಲ ಮುಖ್ಯಸ್ಥರಾದ ಜಿಲ್ಲಾ ಗವರ್ನರ್ ಬಂದಾಗ ಅವರಿಗೂ ದಂಡ ಹಾಕಿದ್ದೇನೆ, ಪಿನ್ ಹಾಕಿಕೊಂಡು ಬಂದಿರಲಿಲ್ಲ. ಸಭೆಯೆಲ್ಲ ನಕ್ಕಿತು, ಬಿಗು ಸಡಿಲವಾಯಿತು.

ಕೊನೆಯ_ಕುರ್ಚಿ

ಟೇಲ್ ಟ್ವಿಸ್ಟರ್ ಸರ್, ನಿಮ್ಮ ಮೇಲೆ ಕೋಪ ಇಲ್ಲ. ಆದರೆ ಇನ್ನೊಂದು ಕಡೆಯೂ ಕೇಳಿ.

ನಾನು ಸೇರಿದ ಎರಡನೇ ತಿಂಗಳು. ಅಮ್ಮ ಆಸ್ಪತ್ರೆಯಲ್ಲಿದ್ದರು. ಅವರನ್ನು ನೋಡಿಕೊಂಡು, ಬಸ್ ಹಿಡಿದು, ಇಪ್ಪತ್ತು ನಿಮಿಷ ತಡವಾಗಿ ಮೀಟಿಂಗ್‌ಗೆ ಬಂದೆ. ಬಾಗಿಲಲ್ಲೇ ನಿಲ್ಲಿಸಿ ಮೈಕಿನಲ್ಲಿ ದಂಡ ಕೂಗಿದರು. ಎಲ್ಲರೂ ನಕ್ಕರು. ಅಂದು ಪರ್ಸಿನಲ್ಲಿ ವಾಪಸ್ ಹೋಗುವ ಬಸ್ಸಿಗೆ ಎಷ್ಟು ಬೇಕೋ ಅಷ್ಟೇ ಇತ್ತು. ಪಕ್ಕದವರ ಹತ್ತಿರ ಸಾಲ ಕೇಳಿ ಡಬ್ಬಿಗೆ ಹಾಕಿದೆ. ಆಮೇಲೆ ನಾಲ್ಕು ತಿಂಗಳು ಆ ಕಡೆ ಹೋಗಲಿಲ್ಲ.

ಹಣ ಕಡಿಮೆಯೇ ಇರಬಹುದು. ಜನರ ಮುಂದೆ ನಿಲ್ಲಿಸಿದ್ದು ಕಡಿಮೆ ಅಲ್ಲ.

ಬಾಲ_ತಿರುಚುವವ

ತಂಗೀ, ಓದಿ ಮನಸ್ಸಿಗೆ ಬಹಳ ನೋವಾಯಿತು. ನಾನೂ ತಡವಾಗಿ ಬಂದವರಿಗೆ ದಂಡ ಹಾಕಿದ್ದೇನೆ. ಯಾಕೆ ತಡವಾಯಿತು ಅಂತ ಒಬ್ಬರನ್ನೂ ಕೇಳಿದ ನೆನಪಿಲ್ಲ. ಇನ್ನು ಆ ಕಾರಣಕ್ಕೆ ದಂಡ ಹಾಕುವುದಿಲ್ಲ. ಹೊಸಬರಿಗೆ ಮೊದಲ ವರ್ಷ ಹಾಕುವುದೇ ಇಲ್ಲ.

ಬೆಳಗಿನ_ಬ್ಯಾಚ್

ಇದಕ್ಕೆ ಸುಲಭದ ದಾರಿ ಇದೆ. ಎಷ್ಟೋ ರೋಟರಿ ಕ್ಲಬ್ಬುಗಳಲ್ಲಿ ದಂಡದ ಬದಲು "ಖುಷಿ ಕಾಣಿಕೆ" ಇದೆ. ನಿಮಗೆ ಸಂತೋಷವಾದ ಒಂದು ಸುದ್ದಿ ಹೇಳಿ, ಇಷ್ಟ ಬಂದಷ್ಟು ಹಾಕಿ. ಮಗಳು ಪಾಸಾದಳು, ಮಂಡಿ ನೋವು ಕಡಿಮೆ ಆಯಿತು, ಏನಾದರೂ ಸರಿ. ನಾವು ಆರು ವರ್ಷದಿಂದ ಹೀಗೇ ಮಾಡುತ್ತಿದ್ದೇವೆ. ಒಬ್ಬರಿಗೊಬ್ಬರು ಜಾಸ್ತಿ ಗೊತ್ತಾಗಿದ್ದೇ ಇದರಿಂದ. ಮುಚ್ಚಿದ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸುತ್ತೇವೆ, ಯಾರು ಎಷ್ಟು ಹಾಕಿದರು ಅಂತ ಕಾಣುವುದಿಲ್ಲ.

ನಾಲ್ಕು_ಪ್ರಶ್ನೆ

ನಾಲ್ಕು ಪ್ರಶ್ನೆಗಳ ಪರೀಕ್ಷೆ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ನನಗೆ ಬಹಳ ಇಷ್ಟದ್ದು ಅದು. ಈಗ ನಾವು ಓದುವ ರೀತಿ ನೋಡಿದರೆ ಬೇಸರ ಆಗುತ್ತದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾವು ಯೋಚಿಸುವ, ಆಡುವ, ಮಾಡುವ ವಿಷಯದಲ್ಲಿ ಕೇಳಿಕೊಳ್ಳಬೇಕಾದ್ದು: ಇದು ಸತ್ಯವೇ? ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ? ಸದ್ಭಾವನೆ, ಸ್ನೇಹ ಬೆಳೆಸುತ್ತದೆಯೇ? ಸಂಬಂಧಪಟ್ಟ ಎಲ್ಲರಿಗೂ ಹಿತವೇ? ಹರ್ಬರ್ಟ್ ಟೇಲರ್ 1932ರಲ್ಲಿ ಇದನ್ನು ಬರೆದದ್ದು ಮೀಟಿಂಗ್‌ನಲ್ಲಿ ಓದಲು ಅಲ್ಲ. ಅವರು ವಹಿಸಿಕೊಂಡ ಪಾತ್ರೆ ತಯಾರಿಸುವ ಕಂಪನಿ ದಿವಾಳಿ ಅಂಚಿನಲ್ಲಿತ್ತು. ಅಲ್ಲಿನ ನೌಕರರಿಗಾಗಿ ಬರೆದರು. ಮೊದಲು ತಮ್ಮದೇ ಜಾಹೀರಾತುಗಳಿಗೆ ಅದನ್ನು ಹಚ್ಚಿ ನೋಡಿದರು. "ಎಲ್ಲಕ್ಕಿಂತ ಉತ್ತಮ", "ಅತಿ ಶ್ರೇಷ್ಠ" ಅನ್ನುವಂಥ ಮಾತುಗಳನ್ನು ತೆಗೆಸಿಬಿಟ್ಟರು. ರೋಟರಿ ಅದನ್ನು ತನ್ನದಾಗಿ ಮಾಡಿಕೊಂಡದ್ದು 1943ರಲ್ಲಿ.

ನಾವು ಮಾಡುವುದೇನು? ಎದ್ದು ನಿಂತು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿ ಕೂರುತ್ತೇವೆ. ಹದಿನೈದು ಸೆಕೆಂಡು. ಅದರ ಬದಲು ತಿಂಗಳಿಗೆ ಒಂದು ಸಲ ನಮ್ಮದೇ ಒಂದು ಯೋಜನೆ ತೆಗೆದುಕೊಂಡು ಈ ನಾಲ್ಕು ಪ್ರಶ್ನೆ ಕೇಳೋಣ. ಗಾಲಿಕುರ್ಚಿ ಕೊಡುವ ಕಾರ್ಯಕ್ರಮ ಇದೆ ಅನ್ನಿ. ಹಿಂದೆ ಕಟ್ಟುವ ಬ್ಯಾನರ್‌ನಲ್ಲಿ ನಮ್ಮ ಫೋಟೋ ಎಷ್ಟು ದೊಡ್ಡದು? ತೆಗೆದುಕೊಳ್ಳುವವರನ್ನು ಎಷ್ಟು ಹೊತ್ತು ವೇದಿಕೆಯಲ್ಲಿ ಕೂರಿಸುತ್ತೇವೆ? ಅವರಿಗೂ ಅದು ಹಿತವೇ?

ಎರಡು_ಗಾಲಿ

ಆ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ. ನಾನು ಯಾವ ಕ್ಲಬ್ಬಿನ ಸದಸ್ಯನೂ ಅಲ್ಲ, ಕ್ಲಬ್ಬಿನಿಂದ ಗಾಲಿಕುರ್ಚಿ ತೆಗೆದುಕೊಂಡವನು.

ಅಂದು ನಮ್ಮನ್ನು ಹದಿನಾಲ್ಕು ಜನರನ್ನು ಸಾಲಾಗಿ ಕೂರಿಸಿದರು. ಕಾರ್ಯಕ್ರಮ ಶುರುವಾಗಿದ್ದು ಒಂದೂವರೆ ಗಂಟೆ ತಡವಾಗಿ. ಹತ್ತಿರದಲ್ಲಿ ನಾವು ಹೋಗಬಹುದಾದ ಶೌಚಾಲಯ ಇರಲಿಲ್ಲ. ಬೆನ್ನುಹುರಿಗೆ ಪೆಟ್ಟಾದವನಿಗೆ ಅದೆಷ್ಟು ಕಷ್ಟ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹದಿನಾಲ್ಕೂ ಕುರ್ಚಿ ಒಂದೇ ಅಳತೆ. ನಾನು ಸಣಕಲ. ನನಗೆ ಅದು ಅಗಲ ಜಾಸ್ತಿ, ಒಂದು ಪಕ್ಕಕ್ಕೆ ವಾಲಿಕೊಂಡೇ ಕೂರಬೇಕಾಯಿತು. ದಿಂಬು ಇರಲಿಲ್ಲ. ಎರಡು ತಿಂಗಳಲ್ಲಿ ಸೊಂಟದ ಕೆಳಗೆ ಒತ್ತಡದ ಹುಣ್ಣಾಯಿತು. ಅದು ವಾಸಿಯಾಗಲು ಮಲಗಿದ್ದು ಐದು ತಿಂಗಳು. ಕೊಟ್ಟವರ ಮನಸ್ಸು ಒಳ್ಳೆಯದೇ, ಅದನ್ನು ಒಂದು ದಿನವೂ ಅನುಮಾನಿಸಿಲ್ಲ. ಆದರೆ ಕೊಡುವ ಮೊದಲು ಒಬ್ಬರೂ ಟೇಪ್ ಹಿಡಿದು ನನ್ನನ್ನು ಅಳೆಯಲಿಲ್ಲ. ಕೊಟ್ಟಾದ ಮೇಲೆ ಒಬ್ಬರೂ ಬಂದು ನೋಡಲಿಲ್ಲ.

ನಿಮ್ಮ ಗಂಟೆ, ಕಾಲರ್ ಇಟ್ಟುಕೊಳ್ಳಿ, ಬಿಡಿ. ನನಗೆ ಅದು ಮುಖ್ಯ ಅಲ್ಲ. ಕೊಟ್ಟ ಮೇಲೆ ತಿರುಗಿ ಬರುವುದನ್ನು ನಿಮ್ಮ ಸಂಪ್ರದಾಯ ಮಾಡಿಕೊಳ್ಳಿ.

ಹಿಂದಿನ_ಸಾಲು

ಇದನ್ನು ಪ್ರಿಂಟ್ ತೆಗೆದು ನಮ್ಮ ಮೀಟಿಂಗ್‌ನಲ್ಲಿ ಓದುತ್ತೇನೆ. ಒಪ್ಪಿಗೆ ಇದೆಯಾ?

ಎರಡು_ಗಾಲಿ

ಓದಿ. ಹೆಸರು ಬೇಡ, ಅಷ್ಟೇ.

ಪ್ರಚಾರ_ವಿಭಾಗ

ಒಂದು ಮಾತು ಹೇಳಲೇಬೇಕು. ಫೋಟೋ ಬೇಡ ಅನ್ನುವುದು ಸುಲಭ. ಫೋಟೋ ಇಲ್ಲದಿದ್ದರೆ ದಾನಿಗಳು ಮುಂದಿನ ವರ್ಷ ಕೊಡುವುದಿಲ್ಲ. ಜಿಲ್ಲೆಗೆ ವರದಿ ಕಳಿಸಬೇಕು, ಬುಲೆಟಿನ್‌ಗೆ ಬೇಕು. ಹಣ ಎಲ್ಲಿ ಹೋಯಿತು ಅಂತ ತೋರಿಸುವುದೂ ಪ್ರಾಮಾಣಿಕತೆಯೇ ಅಲ್ವಾ?

ನಾಲ್ಕು_ಪ್ರಶ್ನೆ

ಹಣ ಹೋದ ಜಾಗ ತೋರಿಸಲು ಬಿಲ್ಲು ಸಾಕು, ಮುಖ ಬೇಡ. ಕುರ್ಚಿಯ ಫೋಟೋ ತೆಗೆಯಿರಿ. ಅಳತೆ ತೆಗೆಯುವ ಕೈಯ ಫೋಟೋ ತೆಗೆಯಿರಿ. ಮುಖ ಬೇಕಾದರೆ ಫೋಟೋ ತೆಗೆಯುವ ಮುಂಚೆ ಕೇಳಿ. ಅದೂ ಕುರ್ಚಿ ಕೊಟ್ಟಾದ ಮೇಲೆ ಕೇಳಿ, ಕೊಡುವ ಮೊದಲು ಕೇಳಿದರೆ ಯಾರು ತಾನೇ ಬೇಡ ಅನ್ನುತ್ತಾರೆ?

ಪ್ರಚಾರ_ವಿಭಾಗ

ಕೊಟ್ಟ ಮೇಲೆ ಕೇಳುವುದು... ಇದು ನನಗೆ ಹೊಳೆದಿರಲಿಲ್ಲ. ಒಪ್ಪಿದೆ. ಆದರೂ ದಾನಿಗಳ ವಿಷಯದಲ್ಲಿ ನನ್ನ ಆತಂಕ ಹಾಗೇ ಇದೆ.

ರಕ್ತನಿಧಿ_ರಾತ್ರಿಪಾಳಿ

ನಾನು ರಕ್ತನಿಧಿಯಲ್ಲಿ ಕೆಲಸ ಮಾಡುವವಳು. ಕ್ಲಬ್ಬುಗಳ ಇನ್ನೊಂದು ಸಂಪ್ರದಾಯ ನಮಗೆ ತಲೆನೋವು, ಇಲ್ಲಿ ಹೇಳಿಬಿಡುತ್ತೇನೆ. ಸ್ಥಾಪನಾ ದಿನ, ಪದಗ್ರಹಣದ ದಿನ, ಯಾವುದೋ ದೊಡ್ಡ ದಿನ, ಅಂದೇ ರಕ್ತದಾನ ಶಿಬಿರ. ನಾಲ್ಕು ಕ್ಲಬ್ಬಿನವರು ಒಂದೇ ವಾರದಲ್ಲಿ ಮಾಡುತ್ತಾರೆ. ಆ ವಾರ ಫ್ರಿಜ್‌ನಲ್ಲಿ ಜಾಗ ಇರುವುದಿಲ್ಲ. ಎರಡು ತಿಂಗಳಾದ ಮೇಲೆ ರಾತ್ರಿ ಎರಡು ಗಂಟೆಗೆ ರಕ್ತ ಬೇಕು ಅಂತ ಬಂದವರಿಗೆ ನಾನು ಇಲ್ಲ ಅನ್ನಬೇಕಾಗುತ್ತದೆ.

ದಾನ ಮಾಡಿದ ರಕ್ತವನ್ನು ಭಾಗ ಮಾಡುತ್ತೇವೆ. ಕೆಂಪು ಕಣಗಳನ್ನು ಸೇರಿಸುವ ದ್ರಾವಣಕ್ಕೆ ತಕ್ಕಂತೆ ಐದಾರು ವಾರ ಇಡಬಹುದು. ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ಒಂದು ವರ್ಷದ ತನಕ ಇಡಬಹುದು. ಪ್ಲೇಟ್‌ಲೆಟ್ ಮಾತ್ರ ಸಾಮಾನ್ಯವಾಗಿ ಐದೇ ದಿನ. ಒಂದೇ ದಿನ ಮುನ್ನೂರು ಜನ ಕೊಟ್ಟರೆ ಅದರಲ್ಲಿ ಎಷ್ಟು ಪ್ಲೇಟ್‌ಲೆಟ್ ಚೆಲ್ಲಬೇಕಾಗುತ್ತದೆ ಯೋಚಿಸಿ. ಅಷ್ಟೇ ಅಲ್ಲ, ಆ ಮುನ್ನೂರು ಜನ ಮತ್ತೆ ಕೊಡಲು ಒಟ್ಟಿಗೇ ಕೆಲವು ತಿಂಗಳು ಕಾಯಬೇಕು.

ನನ್ನ ವಿನಂತಿ ಒಂದೇ. ದಿನಾಂಕ ನೀವು ಗೊತ್ತು ಮಾಡಬೇಡಿ. ನಮಗೆ ಫೋನ್ ಮಾಡಿ ಯಾವಾಗ ಕೊರತೆ ಬರುತ್ತದೆ ಅಂತ ಕೇಳಿ. ರಜಾ ದಿನಗಳು ಜಾಸ್ತಿ ಇರುವ ತಿಂಗಳಲ್ಲಿ ಮಾಮೂಲಿ ದಾನಿಗಳು ಊರಲ್ಲಿ ಇರುವುದಿಲ್ಲ. ಆಗ ಮಾಡಿ. ಮುನ್ನೂರು ಜನರ ಒಂದು ಶಿಬಿರಕ್ಕಿಂತ ಎಪ್ಪತ್ತೈದು ಜನರ ನಾಲ್ಕು ಶಿಬಿರ ನಮಗೆ ದೊಡ್ಡ ಉಪಕಾರ.

ಬೆಳಗಿನ_ಬ್ಯಾಚ್

ಮೇಡಂ, ಮುನ್ನೂರು ಜನರ ಶಿಬಿರ ಅಂದರೆ ಪ್ರಶಸ್ತಿ ಸಿಗುತ್ತದೆ, ಎಪ್ಪತ್ತೈದಕ್ಕೆ ಸಿಗುವುದಿಲ್ಲ. ನಮ್ಮ ಮಂಡಳಿಯಲ್ಲಿ ಇದೇ ಜಗಳ ಆಗಿದೆ.

ರಕ್ತನಿಧಿ_ರಾತ್ರಿಪಾಳಿ

ಪ್ರಶಸ್ತಿ ಕೊಡುವವರಿಗೆ ನಾನೇ ಪತ್ರ ಬರೆಯಲು ಸಿದ್ಧ. ವಿಳಾಸ ಕೊಡಿ.

ಬಿಳಿ_ಕೋಲು

ಲಯನ್ಸ್ ಬಗ್ಗೆ ಹೆಮ್ಮೆಯ ಒಂದು ವಿಷಯ. ಬಿಳಿ ಕೋಲು ಜಗತ್ತಿಗೆ ಕೊಟ್ಟಿದ್ದೇ ಲಯನ್ಸ್. 1925ರ ಜೂನ್ 30ರಂದು ಒಹಾಯೋದ ಸೀಡರ್ ಪಾಯಿಂಟ್‌ನ ಅಧಿವೇಶನದಲ್ಲಿ ಕಣ್ಣು, ಕಿವಿ ಎರಡೂ ಇಲ್ಲದ ಲೇಖಕಿ ಹೆಲೆನ್ ಕೆಲರ್ ಬಂದು, ಕಣ್ಣಿಲ್ಲದವರ ಪರವಾಗಿ ಹೋರಾಡುವ ವೀರರಾಗಿ ಅಂತ ಲಯನ್‌ಗಳನ್ನು ಕೇಳಿಕೊಂಡರು. ಅಂದಿನಿಂದ ಕಣ್ಣಿನ ಕೆಲಸ ನಿಂತಿಲ್ಲ. ಸಂಪ್ರದಾಯ ಅಂದರೆ ಇದು!

ಹಳೇ_ಕಡತ

ಕೆಲರ್ ವಿಷಯ ಸರಿ. ಕೋಲಿನ ವಿಷಯದಲ್ಲಿ ಸ್ವಲ್ಪ ತಿದ್ದುಪಡಿ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಜೇಮ್ಸ್ ಬಿಗ್ಸ್ ಎಂಬ ಫೋಟೋಗ್ರಾಫರ್ ಅಪಘಾತದಲ್ಲಿ ಕಣ್ಣು ಕಳೆದುಕೊಂಡ ಮೇಲೆ, ವಾಹನದವರಿಗೆ ತಾನು ಕಾಣಲಿ ಅಂತ 1921ರಲ್ಲೇ ತಮ್ಮ ಕೋಲಿಗೆ ಬಿಳಿ ಬಣ್ಣ ಬಳಿದಿದ್ದರು. ಅಮೆರಿಕದ ಪಿಯೋರಿಯಾದ ಲಯನ್ ಜಾರ್ಜ್ ಬಾನಮ್ ತಮ್ಮ ಕ್ಲಬ್ಬಿನ ಮೂಲಕ ಇದನ್ನು ಎತ್ತಿಕೊಂಡದ್ದು 1930ರಲ್ಲಿ. ಕಪ್ಪು ಕೋಲು ಹಿಡಿದ ಒಬ್ಬರು ರಸ್ತೆ ದಾಟಲು ಒದ್ದಾಡುವುದನ್ನು ನೋಡಿ, ಬಿಳಿ ಬಣ್ಣ, ಕೆಂಪು ಪಟ್ಟಿ ಅಂತ ಯೋಚಿಸಿದರು. ಮೊದಲು ಹೊಳೆದದ್ದು ಬಿಗ್ಸ್ ಅವರಿಗೆ, ಊರೂರಿಗೆ ಹರಡಲು ದುಡಿದವರಲ್ಲಿ ಲಯನ್ಸ್ ಮುಖ್ಯರು. ಕಣ್ಣಿಲ್ಲದವರೇ ಕಂಡುಕೊಂಡ ದಾರಿ ಅದು, ಆ ಹೆಸರು ಅವರಿಗೆ ಸಲ್ಲಲಿ.

ಬಿಳಿ_ಕೋಲು

ಬಿಗ್ಸ್ ಹೆಸರು ಇವತ್ತೇ ಕೇಳಿದ್ದು. ಧನ್ಯವಾದ. ಮುಂದಿನ ಸಲ ಭಾಷಣದಲ್ಲಿ ಅವರ ಹೆಸರೂ ಹೇಳುತ್ತೇನೆ.

ಮಾಜಿ_ಕಾರ್ಯದರ್ಶಿ

ಎಲ್ಲರೂ ಗಂಟೆ, ದಂಡ ಅಂತ ಮಾತಾಡುತ್ತಿದ್ದೀರಿ. ನನ್ನ ಪ್ರಕಾರ ನಮ್ಮ ಕ್ಲಬ್ಬುಗಳ ದೊಡ್ಡ ರೋಗ ಬೇರೆ. ಒಂದೇ ವರ್ಷದ ಅಧ್ಯಕ್ಷಗಿರಿ.

ಇದೂ ಒಂದು ಸಂಪ್ರದಾಯ, ಒಳ್ಳೆಯದೇ. ಒಬ್ಬರೇ ಕುರ್ಚಿಗೆ ಅಂಟಿಕೊಳ್ಳುವುದಿಲ್ಲ, ಎಲ್ಲರಿಗೂ ಅವಕಾಶ. ಆದರೆ ಏನಾಗಿದೆ? ಪ್ರತಿ ಅಧ್ಯಕ್ಷರಿಗೂ ತಮ್ಮ ಹೆಸರಿನ ಒಂದು ಹೊಸ ಯೋಜನೆ ಬೇಕು. ನಾನು ಏಳು ಅಧ್ಯಕ್ಷರ ಕೈಕೆಳಗೆ ಕೆಲಸ ಮಾಡಿದೆ. ಒಬ್ಬರು ಗಿಡ ನೆಟ್ಟರು, ಮುಂದಿನವರು ನೀರು ಹಾಕಿಸಲಿಲ್ಲ, ಅವರು ಹೊಲಿಗೆ ಯಂತ್ರ ಕೊಟ್ಟರು. ಮೂರನೆಯವರು ಯಂತ್ರ ರಿಪೇರಿ ಮಾಡಿಸಲಿಲ್ಲ, ಗ್ರಂಥಾಲಯ ತೆರೆದರು. ನಾಲ್ಕನೆಯವರ ಕಾಲದಲ್ಲಿ ಗ್ರಂಥಾಲಯಕ್ಕೆ ಬೀಗ. ಏಳು ವರ್ಷದ ಫೋಟೋ ಆಲ್ಬಂ ನನ್ನ ಮನೆಯಲ್ಲಿದೆ. ಆಲ್ಬಂ ಹಿಡಿದುಕೊಂಡು ಆ ಜಾಗಗಳಿಗೆ ಒಮ್ಮೆ ಹೋಗಿ ಬಂದೆ. ಇವತ್ತಿಗೂ ಬಳಕೆಯಲ್ಲಿರುವುದು ಎರಡೇ.

ಈಗ ಪೋಲಿಯೋ ಕಡೆ ನೋಡಿ. ರೋಟರಿ 1979ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಸುಮಾರು 60 ಲಕ್ಷ ಮಕ್ಕಳಿಗೆ ಲಸಿಕೆ ಹಾಕುವ ಕೆಲಸಕ್ಕೆ ಕೈಹಾಕಿತು. 1985ರಲ್ಲಿ ಪೋಲಿಯೋ ಪ್ಲಸ್ ಎಂಬ ರೋಟರಿಯ ಪೋಲಿಯೋ ವಿರೋಧಿ ಕಾರ್ಯಕ್ರಮ. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದವರ ಜೊತೆ ಜಾಗತಿಕ ಅಭಿಯಾನ. ಆಗ 125 ದೇಶಗಳಲ್ಲಿ ಪೋಲಿಯೋ ಇತ್ತು, ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳಿಗೆ ಲಕ್ವ ಹೊಡೆಯುತ್ತಿತ್ತು. ಭಾರತದಲ್ಲಿ ಕಾಡು ಪೋಲಿಯೋದ (ಲಸಿಕೆಯಿಂದಲ್ಲದೆ ಸಹಜವಾಗಿ ಹರಡುವ ವೈರಸ್ಸಿನ) ಕೊನೆಯ ಪ್ರಕರಣ 2011ರ ಜನವರಿ 13ರಂದು. 2014ರ ಮಾರ್ಚ್ 27ಕ್ಕೆ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ. ಈ ನಡುವೆ ವರ್ಷಕ್ಕೊಬ್ಬರಂತೆ ಎಷ್ಟು ಅಧ್ಯಕ್ಷರು ಬಂದು ಹೋದರು ಲೆಕ್ಕ ಹಾಕಿ. ಬಂದವರೆಲ್ಲ "ಇದು ಹಿಂದಿನವರ ಯೋಜನೆ, ನನಗೆ ನನ್ನದೇ ಬೇಕು" ಅಂದಿದ್ದರೆ? ಆ ರೋಟರಿ ವರ್ಷ ಮುಗಿದ 1986ರ ಜೂನ್ 30ಕ್ಕೇ ಪೋಲಿಯೋ ಕೆಲಸವೂ ಮುಗಿದುಹೋಗುತ್ತಿತ್ತು.

ಜುಲೈ_ಒಂದು ಅವರೇ, ನೀವು ಒಂದೇ ಒಂದು ಬದಲಾವಣೆ ಮಾಡುವುದಾದರೆ ಇದನ್ನು ಮಾಡಿ. ಹೊಸ ಯೋಜನೆ ಘೋಷಿಸಬೇಡಿ. ಹಿಂದಿನ ಮೂವರು ಶುರು ಮಾಡಿದ್ದು ಏನಾಗಿದೆ ಅಂತ ಹೋಗಿ ನೋಡಿ ಬನ್ನಿ.

ಮೂವತ್ತು_ವರ್ಷದ_ಪಿನ್

ಈ ಮಾತಿಗೆ ನನ್ನದು ಪೂರ್ತಿ ಒಪ್ಪಿಗೆ. ನಾನು ಅಧ್ಯಕ್ಷನಾಗಿದ್ದಾಗ ಹಾಕಿಸಿದ ಕುಡಿಯುವ ನೀರಿನ ಯಂತ್ರ ಕೆಟ್ಟು ನಿಂತು ಎಷ್ಟೋ ವರ್ಷ ಆಯಿತು. ಕಲ್ಲಿನ ಮೇಲೆ ನನ್ನ ಹೆಸರು ಇನ್ನೂ ಇದೆ. ಆ ದಾರಿಯಲ್ಲಿ ಹೋಗುವಾಗ ಅತ್ತ ನೋಡಲು ಮನಸ್ಸಾಗುವುದಿಲ್ಲ.

ಎರಡು_ಗಾಲಿ

ಸರ್, ರಿಪೇರಿ ಮಾಡಿಸಿಬಿಡಿ. ಈಗಲೂ ತಡವಾಗಿಲ್ಲ.

ಮೂವತ್ತು_ವರ್ಷದ_ಪಿನ್

ಮಾಡಿಸುತ್ತೇನಪ್ಪ.

ಅರ್ಧ_ಆಕಾಶ

ಹಿರಿಯರು ಸಂಪ್ರದಾಯವನ್ನು ಮುಟ್ಟಬೇಡಿ ಅಂದಾಗೆಲ್ಲ ನನಗೆ ಒಂದು ವಿಷಯ ನೆನಪಾಗುತ್ತದೆ. ಹೆಂಗಸರನ್ನು ಸೇರಿಸಿಕೊಳ್ಳಬಾರದು ಅನ್ನುವುದೂ ಸಂಪ್ರದಾಯವೇ ಆಗಿತ್ತು. ಕ್ಯಾಲಿಫೋರ್ನಿಯಾದ ಡುವಾರ್ಟೆ ರೋಟರಿ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಮರುವರ್ಷ ಅದರ ಮಾನ್ಯತೆಯನ್ನೇ ಕಿತ್ತುಕೊಂಡರು. ಅವರು ಕ್ಲಬ್ಬು ಮುಚ್ಚಲಿಲ್ಲ. "ಮಾಜಿ ರೋಟರಿ ಕ್ಲಬ್" ಅಂತ ಹೆಸರಿಟ್ಟುಕೊಂಡು ಮೀಟಿಂಗ್ ಮುಂದುವರಿಸಿದರು, ಕೋರ್ಟಿಗೆ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷ ಲಯನ್ಸ್ ಮಹಿಳೆಯರಿಗೆ ಬಾಗಿಲು ತೆರೆಯಿತು. ರೋಟರಿ ಜಗತ್ತಿನಾದ್ಯಂತ ನಿಯಮ ಬದಲಿಸಿದ್ದು 1989ರಲ್ಲಿ. ಲಯನ್ಸ್‌ಗೆ ಮೊದಲ ಮಹಿಳಾ ಅಂತರರಾಷ್ಟ್ರೀಯ ಅಧ್ಯಕ್ಷೆ ಬಂದದ್ದು 2018ರಲ್ಲಿ, ರೋಟರಿಗೆ 2022ರಲ್ಲಿ.

ಇವತ್ತು ನಮ್ಮ ಕ್ಲಬ್ಬಿನಲ್ಲಿ ರಕ್ತದಾನ, ಕಣ್ಣಿನ ಶಿಬಿರ, ಶಾಲೆಯ ಕೆಲಸ ಎಲ್ಲವನ್ನೂ ಎಳೆಯುತ್ತಿರುವುದು ಹೆಂಗಸರು. ಆ ಸಂಪ್ರದಾಯ ಮುರಿಯದೆ ಇದ್ದಿದ್ದರೆ ಇಷ್ಟು ಕೈಗಳು ಎಲ್ಲಿಂದ ಬರುತ್ತಿದ್ದವು?

ಇನ್ನರ್_ವೀಲ್_ಅತ್ತೆ

ಅದೆಲ್ಲ ಸರಿ ಕಣಮ್ಮ. ಆದರೆ ಬಾಗಿಲು ತೆರೆಯುವ ತನಕ ಹೆಂಗಸರು ಕೈಕಟ್ಟಿ ಕೂತಿರಲಿಲ್ಲ. 1924ರ ಜನವರಿ 10ರಂದೇ ಮ್ಯಾಂಚೆಸ್ಟರ್‌ನಲ್ಲಿ ಮಾರ್ಗರೆಟ್ ಗೋಲ್ಡಿಂಗ್ ಮತ್ತು ಗೆಳತಿಯರು ರೋಟರಿ ಮನೆಗಳ ಹೆಂಗಸರ ಸಂಘವಾಗಿ ಇನ್ನರ್ ವೀಲ್ ಕಟ್ಟಿದರು. ಮಹಿಳೆಯರ ಬೇರೆ ಸೇವಾ ಸಂಸ್ಥೆಗಳಲ್ಲಿ ಝೋಂಟಾ 1919ರದು, ಸೊರಾಪ್ಟಿಮಿಸ್ಟ್ 1921ರದು. ನಮ್ಮದೂ ಹಳೆಯ ಪರಂಪರೆಯೇ. ಅದನ್ನೂ ಹೇಳು.

ಅರ್ಧ_ಆಕಾಶ

ಹೌದು ಅತ್ತೆ, ಹೇಳಬೇಕಿತ್ತು.

ಊರೂರು_ತಿರುಗುವವ

ಬ್ಯಾನರ್ ವಿನಿಮಯದ ಪರವಾಗಿ ಎರಡು ಮಾತು. ಕೆಲಸದ ಮೇಲೆ ನಾನು ಊರೂರು ಅಲೆಯುತ್ತೇನೆ. ನಮ್ಮ ಮೀಟಿಂಗ್ ತಪ್ಪಿದರೆ ಹೋದ ಊರಿನ ಕ್ಲಬ್ಬಿಗೆ ಹೋಗಿ ಹಾಜರಿ ಹಾಕಿಸಿಕೊಳ್ಳುವ ಪದ್ಧತಿ ಇದೆಯಲ್ಲ, ಮೇಕಪ್ ಅನ್ನುತ್ತೇವೆ. ಒಮ್ಮೆ ಭಾಷೆ ಬಾರದ ದೇಶದಲ್ಲಿ ಜ್ವರ ಬಂದು ಮಲಗಿದ್ದೆ. ಹಿಂದಿನ ದಿನ ಅಲ್ಲಿನ ಕ್ಲಬ್ಬಿಗೆ ಹೋಗಿ ನಮ್ಮ ಬ್ಯಾನರ್ ಕೊಟ್ಟು ಬಂದಿದ್ದೆ, ಅಷ್ಟೇ ಪರಿಚಯ. ಅವರೇ ವೈದ್ಯರನ್ನು ಕರೆದುಕೊಂಡು ಬಂದರು, ಮೂರು ದಿನ ನೋಡಿಕೊಂಡರು. ಈಗಲೂ ಪತ್ರ ಬರೆಯುತ್ತಾರೆ.

2016ರಿಂದ ರೋಟರಿ ನಿಯಮ ಸಡಿಲ ಆಗಿದೆ. ತಿಂಗಳಿಗೆ ಕನಿಷ್ಠ ಎರಡು ಸಲ ಸೇರಿದರೆ ಸಾಕು, ಹಾಜರಿಯ ವಿಷಯವನ್ನು ಕ್ಲಬ್ಬೇ ತೀರ್ಮಾನಿಸಿಕೊಳ್ಳಬಹುದು. ಒಳ್ಳೆಯದು. ಆದರೆ ಅಪರಿಚಿತ ಊರಿನಲ್ಲಿ ಒಂದು ಬಾಗಿಲು ತಟ್ಟುವ ಧೈರ್ಯ ಬೆಳೆಸಿದ್ದು ಆ ಹಳೇ ಕಟ್ಟುನಿಟ್ಟೇ.

ಖಜಾಂಚಿ_ಕಣ್ಣು

ಪದಗ್ರಹಣ ಸಮಾರಂಭದ ಖರ್ಚಿನ ಬಗ್ಗೆ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಸದಸ್ಯರ ಚಂದಾ ಒಂದು ಖಾತೆ, ಜನರಿಂದ ಸೇವೆಗೆ ಅಂತ ಎತ್ತಿದ ಹಣ ಇನ್ನೊಂದು ಖಾತೆ. ಲಯನ್ಸ್‌ನಲ್ಲಿ ಈ ನಿಯಮ ಸ್ಪಷ್ಟ, ಜನರಿಂದ ಬಂದದ್ದು ಜನರ ಕೆಲಸಕ್ಕೇ ಹೋಗಬೇಕು, ಕ್ಲಬ್ಬಿನ ಆಡಳಿತಕ್ಕೆ ಮುಟ್ಟುವಂತಿಲ್ಲ. ಯಾವ ಕ್ಲಬ್ಬಾದರೂ ಇದನ್ನು ಪಾಲಿಸಲಿ. ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲ ನಿಮ್ಮ ಚಂದಾದಲ್ಲಿ ಮಾಡಿಕೊಳ್ಳಿ. ವರ್ಷಕ್ಕೆ ಎರಡು ಸಲ ಲೆಕ್ಕವನ್ನು ಪೂರ್ತಿ ಸಭೆಯ ಮುಂದೆ ಓದಿ. ಹಾಳೆ ಹಂಚಿದರೆ ಯಾರೂ ಓದುವುದಿಲ್ಲ, ಬಾಯಿಬಿಟ್ಟು ಓದಿ.

ರೋಟರಾಕ್ಟ್_ಹುಡುಗಿ

ನಾನು ರೋಟರಿಯ ಯುವಜನರ ಕ್ಲಬ್ಬಾದ ರೋಟರಾಕ್ಟ್‌ನಿಂದ ಬಂದವಳು. ಅದು ಶುರುವಾದದ್ದು 1968ರಲ್ಲಿ, ಆಗಿಂದಲೂ ದೊಡ್ಡವರು "ಯುವಕರು ಉಳಿಯುವುದಿಲ್ಲ" ಅನ್ನುತ್ತಿದ್ದಾರೆ ಅನ್ನಿಸುತ್ತದೆ. ನಾವು ಯಾಕೆ ಬಿಡುತ್ತೇವೆ ಅಂತ ಹೇಳಲಾ? ಗಂಟೆ ಬಾರಿಸಿದ್ದಕ್ಕೆ ಯಾರೂ ಬಿಡುವುದಿಲ್ಲ. ಮೊದಲ ಮೂರು ತಿಂಗಳು ನಮಗೆ ಮಾಡಲು ಏನೂ ಕೊಡುವುದಿಲ್ಲ, ಅದಕ್ಕೆ ಬಿಡುತ್ತೇವೆ. ಕುರ್ಚಿ ಜೋಡಿಸು, ಅತಿಥಿಗೆ ಹೂಗುಚ್ಛ ಕೊಡು, ಇಷ್ಟೇ. ನನಗೆ ಒಬ್ಬ ಹಿರಿಯರು ಮೊದಲ ವಾರವೇ ಒಂದು ಶಾಲೆಯ ಕಣ್ಣಿನ ತಪಾಸಣೆಯ ಪಟ್ಟಿ ಕೊಟ್ಟು, "ಕನ್ನಡಕ ಬೇಕಾದ ಮಕ್ಕಳಿಗೆ ಕನ್ನಡಕ ಮುಟ್ಟಿತಾ, ಹಾಕಿಕೊಳ್ಳುತ್ತಿದ್ದಾರಾ ಅಂತ ನೋಡಿ ಬಾ" ಅಂದರು. 22 ಮಕ್ಕಳಲ್ಲಿ 9 ಮಕ್ಕಳು ಹಾಕಿಕೊಳ್ಳುತ್ತಿರಲಿಲ್ಲ. ಫ್ರೇಮ್ ದೊಡ್ಡದು, ಜಾರುತ್ತಿತ್ತು. ಬದಲಿಸಿ ಕೊಡಿಸಿದೆವು. ಅಂದಿನಿಂದ ನಾನು ಈ ಕ್ಲಬ್ಬಿನವಳು.

ಜುಲೈ_ಒಂದು

ಎಲ್ಲವನ್ನೂ ಎರಡೆರಡು ಸಲ ಓದಿದೆ. ಹತ್ತು ದಿನ ಆಯಿತು, ಆಗಿರುವುದನ್ನು ಹೇಳುತ್ತೇನೆ.

ಆ ಇಬ್ಬರಿಗೂ ಫೋನ್ ಮಾಡಿದೆ. ಒಬ್ಬರು ಬೇರೆ ಊರಿಗೆ ಹೋಗುತ್ತಿದ್ದಾರೆ. ಇನ್ನೊಬ್ಬಳು ಅರ್ಧ ಗಂಟೆ ಮಾತಾಡಿದಳು, ಬಹಳಷ್ಟು ಬೈದಳು, ಕೊನೆಗೆ ಬರುತ್ತೇನೆ ಅಂದಳು. ಹಿಂದಿನ ಮೂರು ವರ್ಷದ ಯೋಜನೆಗಳನ್ನು ಹೋಗಿ ನೋಡಿ ಬರುವ ಕೆಲಸ ಅವಳಿಗೇ ಕೊಟ್ಟಿದ್ದೇನೆ. ನನ್ನ ವರ್ಷದಲ್ಲಿ ಹೊಸ ಯೋಜನೆ ಇಲ್ಲ. ಇದನ್ನು ಮಂಡಳಿಯಲ್ಲಿ ಹೇಳಿದಾಗ ಎರಡು ನಿಮಿಷ ಯಾರೂ ಮಾತಾಡಲಿಲ್ಲ.

ಗಂಟೆ ಇರುತ್ತದೆ. ಹುಟ್ಟುಹಬ್ಬವೂ ಇರುತ್ತದೆ. ದಂಡದ ಡಬ್ಬಿ ಖುಷಿ ಕಾಣಿಕೆ ಆಗುತ್ತದೆ. ನಾಲ್ಕು ಪ್ರಶ್ನೆ ತಿಂಗಳಿಗೊಮ್ಮೆ, ಒಂದು ಯೋಜನೆ ಮುಂದಿಟ್ಟುಕೊಂಡು. ತಿಂಗಳ ಎರಡು ಮೀಟಿಂಗ್‌ನಲ್ಲಿ ಒಂದು ಕೆಲಸದ ಜಾಗದಲ್ಲೇ. ಕಾಲರ್ ಪದಗ್ರಹಣಕ್ಕೆ ಮತ್ತು ಗವರ್ನರ್ ಭೇಟಿಗೆ ಮಾತ್ರ. ಇದಕ್ಕೆ ಮಾತ್ರ ಮೂವರು ಹಿರಿಯರು ಇನ್ನೂ ಒಪ್ಪಿಲ್ಲ.

ಮೂವತ್ತು_ವರ್ಷದ_ಪಿನ್

ಆ ಹಿರಿಯರ ಜೊತೆ ನಾನೂ ನಿಲ್ಲುತ್ತೇನೆ. ಆ ಕಾಲರಿನ ಮೇಲೆ ಹಿಂದಿನ ಎಲ್ಲ ಅಧ್ಯಕ್ಷರ ಹೆಸರಿನ ಪಟ್ಟಿಗಳು ಇರುತ್ತವೆ. ಅದರಲ್ಲಿ ಎಷ್ಟೋ ಜನ ಈಗಿಲ್ಲ. ಪ್ರತಿ ಮೀಟಿಂಗ್‌ನಲ್ಲೂ ಕಣ್ಣಿಗೆ ಬೀಳಲಿ. ಉಳಿದದ್ದೆಲ್ಲ ನಿನ್ನ ಇಷ್ಟದಂತೆ ಮಾಡು.

ಜುಲೈ_ಒಂದು

ಅದು ನನಗೆ ತಲೆಗೆ ಬಂದಿರಲಿಲ್ಲ ಸರ್. ಪ್ರತಿ ಮೀಟಿಂಗ್‌ನಲ್ಲಿ ಕಾಲರನ್ನು ಮೇಜಿನ ಮೇಲೆ ಗಂಟೆಯ ಪಕ್ಕದಲ್ಲಿ ಇಟ್ಟರೆ?

ಮೂವತ್ತು_ವರ್ಷದ_ಪಿನ್

ಯೋಚಿಸುತ್ತೇನೆ.

ಜುಲೈ_ಒಂದು

ಎರಡು_ಗಾಲಿ ಅವರೇ, ನಾವೂ ಹೋದ ವರ್ಷ ಒಂಬತ್ತು ಗಾಲಿಕುರ್ಚಿ ಕೊಟ್ಟಿದ್ದೇವೆ, ಅಳತೆ ತೆಗೆಯದೆ. ಆ ಒಂಬತ್ತು ಮನೆಗಳಿಗೂ ಹೋಗಬೇಕು ಅಂತಿದ್ದೇವೆ. ಏನೇನು ನೋಡಬೇಕು?

ಎರಡು_ಗಾಲಿ

ಮೊದಲು ಫಿಸಿಯೋಥೆರಪಿ ಗೊತ್ತಿರುವ ಒಬ್ಬರನ್ನು ಕರೆದುಕೊಂಡು ಹೋಗಿ. ಕೂತಾಗ ಸೊಂಟದ ಅಗಲ ಅಳೆಯಿರಿ, ಸೀಟು ಅದಕ್ಕೆ ಸರಿಯಾಗಿರಬೇಕು. ಬೆನ್ನಿನ ಹಿಂಬದಿಯಿಂದ ಮಂಡಿಯ ಹಿಂಭಾಗದ ತನಕ ಉದ್ದ ಅಳೆಯಿರಿ, ಸೀಟು ಅದಕ್ಕಿಂತ ಎರಡು ಬೆರಳಿನಷ್ಟಾದರೂ ಕಡಿಮೆ ಇರಲಿ, ಇಲ್ಲದಿದ್ದರೆ ಮಂಡಿಯ ಹಿಂದೆ ಒತ್ತುತ್ತದೆ. ಮಂಡಿಯ ಹಿಂಭಾಗದಿಂದ ಹಿಮ್ಮಡಿ ತನಕ ಅಳೆದು ಕಾಲಿಡುವ ಹಲಗೆ ಆ ಎತ್ತರಕ್ಕೆ ಬರುವಂತೆ ಮಾಡಿ. ದಿಂಬು ಇದೆಯಾ ನೋಡಿ. ಬ್ರೇಕ್ ಹಿಡಿಯುತ್ತದಾ, ಟೈರಿಗೆ ಗಾಳಿ ಇದೆಯಾ ನೋಡಿ. ಮನೆಯ ಬಾಗಿಲಲ್ಲಿ ಕುರ್ಚಿ ಹಿಡಿಸುತ್ತದಾ ನೋಡಿ. ಕೂರುವ ಜಾಗದಲ್ಲಿ ಚರ್ಮ ಕೆಂಪಾಗಿದೆಯಾ ಅಂತ ಮನೆಯವರನ್ನು ಕೇಳಿ, ಹೆಂಗಸರಾದರೆ ಹೆಂಗಸರೇ ಕೇಳಲಿ.

ಯಾವ ದಿನ ಹೋಗುತ್ತೀರಿ ಹೇಳಿ. ಒಂದೆರಡು ಮನೆಗೆ ನಾನೂ ಬರುತ್ತೇನೆ.

ಜುಲೈ_ಒಂದು

ಬರುವ ಭಾನುವಾರ ಬೆಳಿಗ್ಗೆ. ಫೋನ್ ನಂಬರ್ ಖಾಸಗಿ ಸಂದೇಶದಲ್ಲಿ ಕಳಿಸುತ್ತಿದ್ದೇನೆ.

ರೋಟರಾಕ್ಟ್_ಹುಡುಗಿ

ಟೇಪ್ ನಾನು ತರುತ್ತೇನೆ.